ದೊರೆಸಾನಿಯ ಬಾಣಂತನ

ಸೋಮವಾರ, ಹನ್ನೊಂದನೇ ತಾರೀಖು
ಮರಿಗಳ ಕೋಣೆಯಿಂದ

ಹೆತ್ತಮ್ಮನಿಗಿಂತ ಹೆಚ್ಚಾಗಿ ನನ್ನನ್ನು ಸಾಕಿದ ಅಕ್ಕನಿಗೆ,

ನಿನ್ನ ಬಾಲ ಮಾಡುವ ನಮಸ್ಕಾರಗಳು. ಓದುತ್ತಿರುವ ನಿನ್ನ ಸೊಸೆಗೂ ಒಂದು ನಮಸ್ಕಾರ, ಯಾಕೆಂದರೆ ಅವಳ ಬಾಯಿ ಇಲ್ಲದಿದ್ದರೆ ನನ್ನ ಮಾತು ನಿನ್ನ ಕಿವಿಗೆ ಬೀಳುವುದಿಲ್ಲ. ಸೊಸೆ, ನಿಧಾನವಾಗಿ ಓದಮ್ಮ. ನಡುವೆ ನಿನ್ನದೊಂದು ಸೇರಿಸಬೇಡ.

ತಡವಾಯಿತು ಅಕ್ಕ, ಬೈಯಬೇಡ. ಬೈಯುವುದನ್ನು ಹೋದ ಕಾಗದದಲ್ಲೇ ಮುಗಿಸಿದ್ದೀಯ. “ನಾಯಿ ಬಾಣಂತನ ಮುಗಿದು ಪುರುಸೊತ್ತಾದ್ರೆ, ಅಕ್ಕ ಇದ್ದಾಳಾ ಹೋದಳಾ ನೋಡೋಕ್ ಬಾ ಅಂತ ಬರಿ” ಎಂದೆಯಂತೆ. ಸೊಸೆ ಒಂದಕ್ಷರವೂ ಬಿಡದೆ ಬರೆದಿದ್ದಾಳೆ. ಇಂಥದ್ದನ್ನು ಬರೆಯುವಾಗ ಅವಳ ಕೈಬರಹ ಮುತ್ತಿನ ಹಾಗೆ ಇರುತ್ತದೆ, ಯಾಕೋ ಗೊತ್ತಿಲ್ಲ.

ನೀನು ಕಣ್ಣಿನ ಪೊರೆ ತೆಗೆಸುವ ದಿನವನ್ನು ಮತ್ತೆ ಮುಂದಕ್ಕೆ ಹಾಕಿಸಿದ್ದನ್ನೂ ಸೊಸೆ ಬರೆದಿದ್ದಾಳೆ. ಇನ್ನೂ ತಡಮಾಡಿದರೆ ನನ್ನನ್ನು ಕೇಳಬೇಡಿ ಎಂದು ಕಣ್ಣಿನ ಡಾಕ್ಟರು ಹೇಳಿದ್ದಾರಂತೆ. ನೀನು ಅವರಿಗೇ, “ಪಟ್ಟಿ ಬಿಚ್ಚಿದಾಗ ಮೊದ್ಲು ಕಾಣೋದು ನನ್ ಬಾಲದ ಮುಖ ಆಗ್ಬೇಕು. ಅವಳು ಬಂದು ಎದುರಿಗೆ ಕೂರೋ ತನಕ ನನಗೆ ಕತ್ತಲೇ ಸಾಕು” ಎಂದೆಯಂತೆ. ಆ ಡಾಕ್ಟರು ಬಾಲ ಎಂದರೆ ಏನೆಂದುಕೊಂಡರೋ! ಅಮ್ಮ ಹೋದ ಮೇಲೆ ನಿನ್ನ ಲಂಗದ ತುದಿ ಹಿಡಿದುಕೊಂಡೇ ಓಡಾಡುತ್ತಿದ್ದ ಹುಡುಗಿಗೆ ನೀನಿಟ್ಟ ಹೆಸರು ಎಂದು ಅವರಿಗೆ ಯಾರು ಹೇಳಬೇಕು?

ನಿನ್ನ ಹಟದ ಮುಂದೆ ಭಗವಂತನೇ ಕೈಮುಗಿಯಬೇಕು. ಆದರೆ ನಾನು ಹೇಗೆ ಸಿಕ್ಕಿಹಾಕಿಕೊಂಡಿದ್ದೇನೆ ಎಂದು ಒಂದು ಸಲ ಪೂರ್ತಿ ಕೇಳು, ಆಮೇಲೆ ಬೈಯಿ.

ಯಜಮಾನಿಯ ಮನೆಯ ಹಿಂದೆ ಮುರಿದ ಸಾಮಾನು ತುಂಬಿಡುವ ಕೋಣೆಯೊಂದಿತ್ತಲ್ಲ, ಅದೇ ಈಗ ನನ್ನ ಲೋಕ. ಒಂದು ಬಾಗಿಲು, ತಲೆಗಿಂತ ಎತ್ತರದಲ್ಲಿ ಒಂದು ಕಿಟಕಿ. ಕಿಟಕಿಯಿಂದ ಪಕ್ಕದ ಮನೆಯ ನೀರಿನ ಟ್ಯಾಂಕು ಬಿಟ್ಟರೆ ಬೇರೇನೂ ಕಾಣದು. ಅದರ ಮೇಲೆ ಕಾಗೆ ಬಂದು ಕೂತರೆ ನನಗೆ ನೆಂಟರು ಬಂದ ಹಾಗೆ. ಮೂಲೆಯಲ್ಲಿ ಮರದ ಪೆಟ್ಟಿಗೆ, ಅದರ ಮೇಲೆ ತಂತಿಯಲ್ಲಿ ನೇತಾಡುವ ದೊಡ್ಡ ಬಲ್ಬು. ಹುಟ್ಟಿದ ಮರಿಗಳ ಮೈಗೆ ತನ್ನಷ್ಟಕ್ಕೆ ಬಿಸಿ ಹಿಡಿದುಕೊಳ್ಳುವ ಶಕ್ತಿ ಇರುವುದಿಲ್ಲ, ಅದಕ್ಕೇ ಬಲ್ಬು ಆರಿಸುವಂತಿಲ್ಲ. ಪೆಟ್ಟಿಗೆಗೆ ತಾಗಿಕೊಂಡು ನನ್ನ ಚಾಪೆ. ಊಟ ತಟ್ಟೆಯಲ್ಲಿ ಬಾಗಿಲ ತನಕ ಬರುತ್ತದೆ. ಜೈಲಿನವರಿಗಾದರೂ ವಾರಕ್ಕೊಮ್ಮೆ ಯಾರೋ ನೋಡಲು ಬರುತ್ತಾರೆ.

ಯಜಮಾನಿ ಕೆಟ್ಟವಳಲ್ಲ, ಅದನ್ನು ಮೊದಲೇ ಹೇಳುತ್ತೇನೆ. ಕಾವಲು ನಾಯಿ ಸಾಕಿ, ಪಳಗಿಸಿ ಮಾರುವುದು ಅವಳ ಕಸುಬು. ನಾನು ಬಂದದ್ದು ಅಡುಗೆಗೆ. ಮನುಷ್ಯರಿಗೆ ಬೇಯಿಸಿದ ಕೈಯಲ್ಲೇ ನಾಯಿಗಳಿಗೂ ಬೇಯಿಸಿದೆ, ಬಡಿಸಿದೆ, ಕೊನೆಗೆ ಸೂಲಗಿತ್ತಿಯಾದೆ.

ಈ ತಾಯಿ ನಾಯಿಗೆ ದೊರೆಸಾನಿ ಎಂದು ಹೆಸರಿಟ್ಟವಳು ನಾನೇ. ಬೇರೆ ನಾಯಿಗಳು ತಟ್ಟೆ ಕಂಡರೆ ಬಿದ್ದೆದ್ದು ಬರುತ್ತವೆ. ಇವಳು ಮಾತ್ರ ಕೂತಲ್ಲಿಂದ ಏಳಳು, ತಟ್ಟೆಯೇ ಅವಳಿದ್ದಲ್ಲಿಗೆ ಹೋಗಬೇಕು. ಇದು ಅವಳ ಚೊಚ್ಚಲು. ನೋವು ಶುರುವಾದದ್ದು ಮಧ್ಯಾಹ್ನ, ನಾನು ಪಾತ್ರೆ ತೊಳೆಯುತ್ತಿದ್ದಾಗ. ಮೊದಲ ಮರಿ ಹೊರಬಿತ್ತು. ಯಜಮಾನಿ ಆಸ್ಪತ್ರೆಯ ವಾಸನೆಯ ಅದೇನೋ ನೀರು ಕೈಗೆ ಸವರಿಕೊಂಡು ಮರಿಯನ್ನೆತ್ತಿ ಒರೆಸಿ ತಾಯಿಯ ಮುಂದಿಟ್ಟಳು. ದೊರೆಸಾನಿ ಅದನ್ನು ಮೂಸಿದಳು, ನಡುಗಿದಳು, ಕಚ್ಚಿ ಎಸೆದಳು ಅಕ್ಕ. ತನ್ನದೇ ಮರಿಯನ್ನು. ಅದು ಸತ್ತೇ ಹೋಯಿತು. ಯಜಮಾನಿ ಗೋಡೆ ಹಿಡಿದುಕೊಂಡು ನಿಂತುಬಿಟ್ಟಳು.

ಎರಡನೆಯದು ಬರುತ್ತಿತ್ತು. ನನಗೆ ದಿಕ್ಕು ತೋಚಲಿಲ್ಲ. ಮೈಮೇಲೆ ನೀನು ಅಂಚು ಹೊಲಿದುಕೊಟ್ಟ ಬೂದು ಬಣ್ಣದ ಶಾಲು ಇತ್ತು. ಅದರ ಸೆರಗಿನಲ್ಲೇ ಮರಿಯನ್ನು ಹಿಡಿದೆ, ಮೂಗುಬಾಯಿ ಒರೆಸಿದೆ, ಬೆನ್ನು ತಿಕ್ಕಿದೆ. ಅದು ಕೀಂ ಎಂದಿತು. ದೊರೆಸಾನಿ ಕತ್ತು ಚಾಚಿ ಮೊದಲು ಶಾಲನ್ನು ಮೂಸಿದಳು, ಆಮೇಲೆ ಮರಿಯನ್ನು. ನೆಕ್ಕತೊಡಗಿದಳು. ಅಷ್ಟೇ, ಅಲ್ಲೇ ನಾನು ಕೆಟ್ಟೆ. ಕತ್ತರಿ ತರಿಸಿ ಶಾಲನ್ನು ಎರಡು ತುಂಡು ಮಾಡಿ ಒಂದನ್ನು ಪೆಟ್ಟಿಗೆಯಲ್ಲಿ ಹಾಸಿಬಿಟ್ಟೆ. ಇಡೀ ಶಾಲನ್ನು ಕೊಡಲು ಮನಸ್ಸು ಬರಲಿಲ್ಲ, ನೀನು ಹೊಲಿದ ಅಂಚು ಒಂದು ಕಡೆಯಾದರೂ ಉಳಿಯಲಿ ಎಂದುಕೊಂಡೆ. ಉಳಿದ ಅರ್ಧ ನನ್ನ ಟ್ರಂಕಿನಲ್ಲಿ, ತಳದಲ್ಲಿದೆ. ಶಾಲು ಹರಿದಳಲ್ಲ ಎಂದು ನೀನೀಗ ಹಲ್ಲು ಕಡಿಯುತ್ತಿರುತ್ತೀಯ. ಸೊಸೆ, ಸ್ವಲ್ಪ ನಿಲ್ಲಿಸು, ಅವಳು ಬೈದು ಮುಗಿಸಲಿ.

ಒಟ್ಟು ಐದು ಉಳಿದವು. ದೊಡ್ಡದು ಹೊಟ್ಟೆಬಾಕ, ಎಲ್ಲರ ತಲೆ ಮೇಲೆ ಹತ್ತಿಹೋಗಿ ಹಾಲು ಹಿಡಿಯುವವನು. ಎಲ್ಲಕ್ಕಿಂತ ಸಣ್ಣದು ಗುಬ್ಬಿ. ಅವಳನ್ನು ಕೈಯಾರೆ ಹಿಂಗಾಲ ಹತ್ತಿರದ ಮೊಲೆಗೆ ಹಿಡಿಸಬೇಕಿತ್ತು, ಅಲ್ಲಿ ಹಾಲು ಹೆಚ್ಚು.

ಹುಟ್ಟಿದ ಮರಿಗೆ ಕಣ್ಣಿಲ್ಲ, ಕಿವಿಯಿಲ್ಲ ಅಕ್ಕ. ಎರಡೂ ಮುಚ್ಚಿಕೊಂಡಿರುತ್ತವೆ. ಲೋಕದಲ್ಲಿ ಅವಕ್ಕೆ ಗೊತ್ತಿರುವುದು ಎರಡೇ, ಬಿಸಿ ಮತ್ತು ವಾಸನೆ. ತಲೆಯನ್ನು ಆ ಕಡೆ ಈ ಕಡೆ ತೂಗುತ್ತಾ, ಹೊಟ್ಟೆಯಲ್ಲೇ ಈಜುತ್ತಾ, ತಾಯಿ ಎಲ್ಲೇ ಮಲಗಿರಲಿ ಅಲ್ಲಿಗೆ ಹೋಗಿ ಸೇರುತ್ತವೆ. ಮೊದಲ ಸಲ ಅದನ್ನು ನೋಡಿದಾಗ ನಿನ್ನ ನೆನಪೇ ಬಂತು. “ಕಣ್ ಹೋದ್ರೇನಂತೆ, ಬಾಗಿಲಿಗೆ ಯಾರು ಬಂದ್ರೂ ನನ್ ಮೂಗಿಗೆ ಗೊತ್ತಾಗುತ್ತೆ. ಬಾಲ ಬಂದ್ರಂತೂ ಬೀದಿ ತುದೀಲಿದ್ದಾಗ್ಲೇ ಹೇಳ್ತೀನಿ” ಅನ್ನುತ್ತೀಯಲ್ಲ ಎಲ್ಲರ ಹತ್ತಿರ, ಅದು.

ಉಚ್ಚೆ ಹೊಯ್ಯುವುದಕ್ಕೂ ಅವಕ್ಕೆ ತಾಯಿ ಬೇಕು. ಅವಳು ಹೊಟ್ಟೆ ನೆಕ್ಕಿದರೆ ಮಾತ್ರ ಬರುತ್ತದೆ. ದೊರೆಸಾನಿಗೆ ಮೊದಮೊದಲು ಇದು ತಿಳಿಯಲಿಲ್ಲ. ಬೆಚ್ಚನೆ ನೀರಲ್ಲಿ ಅದ್ದಿದ ಹತ್ತಿಯಿಂದ ನಾನು ಸವರಿ ತೋರಿಸಿದೆ, ಆಮೇಲೆ ಕಲಿತಳು. ಕಲಿತ ಮೇಲೂ ನಾನು ಪಕ್ಕದಲ್ಲಿದ್ದರೆ ಮಾತ್ರ. ಮೈಗೆ ನೀರು ಹಾಕಿಕೊಂಡು ಬರೋಣವೆಂದು ನಾನು ಎದ್ದರೆ ಅವಳೂ ಏಳುತ್ತಾಳೆ. ಮರಿಗಳು ಮೊಲೆಯಿಂದ ಕಳಚಿ ಪಟಪಟನೆ ಬೀಳುತ್ತವೆ. ನಾಯಿ ಡಾಕ್ಟರು ಬಂದಾಗ ನಾಚಿಕೆ ಬಿಟ್ಟು ಕೇಳಿಯೇಬಿಟ್ಟೆ.

“ನಾನು ಸರಿಯಾಗಿ ಸ್ನಾನ ಮಾಡ್ಬಹುದಾ ಡಾಕ್ಟ್ರೇ?”

ಅವರು ನಕ್ಕರು. “ಮಾಡೀಮ್ಮ, ಯಾರು ಬೇಡ ಅಂದ್ರು? ಆದ್ರೆ ಪರಿಮಳದ ಸೋಪು ಬೇಡ. ಬಟ್ಟೆ ಬದಲಾಯಿಸೋದಾದ್ರೂ ಅದನ್ನ ಮೊದ್ಲು ಪೆಟ್ಟಿಗೆ ಹತ್ರ ಇಟ್ಟು, ಆಮೇಲೆ ಹಾಕ್ಕೊಳ್ಳಿ. ನಾಯಿ ಹೆದರಿದೆ. ಅದಕ್ಕೆ ನಿಮ್ಮ ವಾಸನೆನೇ ಧೈರ್ಯ.”

“ನನ್ ಧೈರ್ಯಕ್ಕೆ ಯಾರ್ ವಾಸನೆ ಅಂತ ಬರ್ಕೊಡಿ” ಎಂದೆ. ಬರೀ ನಕ್ಕು ಹೋದರು.

ಹೀಗೆ ನನ್ನ ಬಟ್ಟೆಗಳೆಲ್ಲ ಒಂದೊಂದಾಗಿ ದೊರೆಸಾನಿಯ ಮಗ್ಗುಲಲ್ಲಿ ಮಲಗಿ ಎದ್ದು ನನ್ನ ಮೈಗೆ ಬರುತ್ತಿವೆ. ತಲೆಕೂದಲಲ್ಲಿ ಹಾಲು, ಹೊಲಸು, ಒದ್ದೆ ರೋಮದ ವಾಸನೆ. ಇದೇ ಮೈಯಲ್ಲಿ ಎರಡು ಹೊತ್ತೂ ಪ್ರಾರ್ಥನೆಗೆ ಕೂರುತ್ತೇನೆ. ದೇವರಿಗೆ ಕಣ್ಣು ಕಿವಿ ಇರಲಿ, ಮೂಗೊಂದು ಇಲ್ಲದಿದ್ದರೆ ಸಾಕು ಎಂದು ಬೇಡಿಕೊಳ್ಳುತ್ತೇನೆ.

ಒಂದು ದುಃಖದ ಸುದ್ದಿಯೂ ಇದೆ. ಮೊದಲ ವಾರದ ಭಾನುವಾರ ಏನೋ ಕೆಲಸವಿದ್ದು ನಾನು ಹೊರಗೆ ಹೋಗಬೇಕಾಯಿತು. ಯಜಮಾನಿ ಒಪ್ಪಿಯೇ ಕಳಿಸಿದ್ದಳು. ಸಂಜೆ ಬಂದು ನೋಡಿದರೆ ದೊರೆಸಾನಿ ಬಾಗಿಲಿಗೆ ಮೂಗು ಒತ್ತಿಕೊಂಡು ಬಿದ್ದಿದ್ದಾಳೆ, ಪೆಟ್ಟಿಗೆ ಕಡೆ ತಿರುಗಿಯೂ ನೋಡಿಲ್ಲವಂತೆ. ನಾಲ್ಕು ಮರಿಗಳು ಒಂದರ ಮೇಲೊಂದು ರಾಶಿ ಬಿದ್ದು ಬಿಸಿ ಹಿಡಿದುಕೊಂಡಿದ್ದವು. ಗುಬ್ಬಿ ಮಾತ್ರ ಬಲ್ಬಿನ ಬೆಳಕು ಬೀಳದ ಮೂಲೆಗೆ ತೆವಳಿ ಹೋಗಿ ತಣ್ಣಗಾಗಿದ್ದಳು. ಯಜಮಾನಿ ಹಾಲಿನ ಬಾಟಲಿ ಹಿಡಿದುಕೊಂಡೇ ಡಾಕ್ಟರಿಗೆ ಫೋನ್ ಮಾಡಿದಳು. ತಣ್ಣಗಿರುವ ಮರಿಗೆ ಹಾಲು ಕುಡಿಸಬೇಡಿ, ಅದು ಅರಗುವುದಿಲ್ಲ, ಮೊದಲು ನಿಧಾನವಾಗಿ ಮೈ ಬಿಸಿ ಮಾಡಿ ಎಂದರು. ಗುಬ್ಬಿಯನ್ನು ರವಿಕೆಯೊಳಗೆ ಎದೆಗೆ ಹಾಕಿಕೊಂಡು ಕೂತೆ. ಒಂದು ಸಲ ಬಾಯಿ ತೆರೆಯಿತು. ನನ್ನನ್ನೇ ಹುಡುಕುತ್ತಿದೆ ಎನ್ನಿಸಿತು. ಅಷ್ಟೇ, ಮತ್ತೆ ತೆರೆಯಲಿಲ್ಲ.

ಯಜಮಾನಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮಾರನೆಯ ದಿನ ನನ್ನ ಗೊಂಚಲಿನಿಂದ ಗೇಟಿನ ಕೀಲಿಯನ್ನು ಬಿಡಿಸಿಕೊಂಡು, “ಇದು ಸದ್ಯಕ್ಕೆ ನನ್ ಹತ್ರಾನೇ ಇರ್ಲಿ, ಆಯ್ತಾ?” ಎಂದಳು. ಮೆತ್ತಗೆ ಹೇಳಿದಳು ಅಕ್ಕ, ಮಗುವಿನ ಕೈಯಿಂದ ಚಾಕು ತೆಗೆದುಕೊಳ್ಳುವ ಹಾಗೆ. ಆಯ್ತು ಎಂದೆ.

ದೊರೆಸಾನಿ ಕೂಗುತ್ತಿದ್ದಾಳೆ. ಉಳಿದದ್ದು ಆಮೇಲೆ.

ಗುರುವಾರ

ಅಕ್ಕ, ಹೊಟ್ಟೆಬಾಕ ಕಣ್ಣು ಬಿಟ್ಟ!

ಒಮ್ಮೆಲೇ ಬಿಡುವುದಿಲ್ಲ. ಮೂಗಿನ ಕಡೆಯ ಮೂಲೆಯಲ್ಲಿ ಮೊದಲು ಸೂಜಿಮೊನೆಯಷ್ಟು ಬಿರುಕು, ಆಮೇಲೆ ಹೊಲಿಗೆ ಬಿಚ್ಚಿದ ಹಾಗೆ ಸ್ವಲ್ಪ ಸ್ವಲ್ಪವೇ. ಒಳಗೆ ನೀಲಿ ನೀಲಿ, ಮಬ್ಬು ಮಬ್ಬು. ಎಲ್ಲಿ ಕುರುಡೋ ಎಂದು ನನಗೆ ಗಾಬರಿ. ನಾಯಿ ಡಾಕ್ಟರು, “ಇಲ್ಲಮ್ಮ, ಇನ್ನೂ ಬರೀ ಬೆಳಕು ಕತ್ತಲೆ ಕಾಣುತ್ತೆ. ತಿಳಿಯಾಗೋಕೆ ಟೈಮ್ ಬೇಕು. ಕೈ ಹಾಕಿ ಬಿಡಿಸೋಕೆ ಮಾತ್ರ ಹೋಗ್ಬೇಡಿ, ಜೋರು ಬೆಳಕೂ ಬೇಡ” ಎಂದರು. ಬಲ್ಬಿಗೆ ಒಂದು ಹಳೆಯ ತಗಡು ಅಡ್ಡ ಕಟ್ಟಿದ್ದೇನೆ. ಕಣ್ಣು ಬಿಟ್ಟವನು ನನ್ನ ಮುಖಕ್ಕೆ ಮುಖವಿಟ್ಟು ಸುಮ್ಮನೆ ಇದ್ದ. ಏನು ಕಂಡಿತೋ. ಒಂದು ದೊಡ್ಡ ಮಸುಕು ಕಂಡಿರಬೇಕು. ನಿನಗೂ ಈಗ ನಾನು ಅಷ್ಟೇ ಅಲ್ಲವೇ ಎಂದು ಅನ್ನಿಸಿ ಅವನನ್ನು ಕೆಳಗಿಟ್ಟೆ.

ಇನ್ನು ಕಿವಿ ತೆರೆಯುತ್ತವೆ, ಕಾಲಿಗೆ ಬಲ ಬರುತ್ತದೆ, ಕುಡಿದವರ ಹಾಗೆ ತೂರಾಡುತ್ತಾ ನಡೆಯುತ್ತವೆ, ಹಲ್ಲು ಮೂಡುತ್ತವೆ. ಹಲ್ಲು ಚುಚ್ಚಿದ ಮೇಲೆ ದೊರೆಸಾನಿಯೇ ಮರಿಗಳನ್ನು ದೂರ ತಳ್ಳುತ್ತಾಳೆ. ಆಗ ಮೆತ್ತನೆಯ ಗಂಜಿ ತಿನ್ನಲು ಕಲಿಸಿದರೆ ನನ್ನ ಬಂಧನ ಮುಗಿಯಿತು ಎಂದುಕೊಂಡಿದ್ದೆ. ನಿನ್ನೆ ಯಜಮಾನಿ ಬಾಗಿಲಲ್ಲಿ ನಿಂತು ಖುಷಿಯಿಂದ ಹೇಳಿದಳು.

“ಆ ಕಂದು ನಾಯೀನೂ ಗಬ್ಬ ಆಗಿದೆ. ಮುಂದಿನ ತಿಂಗಳು ಹೆರುತ್ತೆ. ಈಗಿಂದಾನೇ ಅದನ್ನೂ ನಿನ್ ಪಕ್ಕ ಮಲಗಿಸ್ತೀನಿ. ನಿನ್ ಕೈಗುಣ ಅದಕ್ಕೂ ಹತ್ತಲಿ.”

“ನಮ್ಮಕ್ಕನ ಕಣ್ಣಿನ ಆಪರೇಷನ್ ಇದೆಯಲ್ಲಮ್ಮ” ಎಂದೆ.

“ನಿಮ್ಮಕ್ಕಂಗೆ ಮನೆ ತುಂಬ ಜನ ಇದಾರೆ. ಇವಕ್ಕೆ ನೀನ್ ಬಿಟ್ರೆ ಯಾರಿದಾರೆ ಹೇಳು?”

ಹೊಗಳಿ ಬಾಗಿಲು ಹಾಕಿಕೊಂಡು ಹೋದಳು. ಹೊಗಳಿದವರ ಜೊತೆ ಜಗಳವಾಡಲು ನೀನು ನನಗೆ ಕಲಿಸಲಿಲ್ಲ ಅಕ್ಕ. ಬೈದವರ ಜೊತೆ ಮಾತ್ರ ಕಲಿಸಿದೆ.

ಅದಕ್ಕೇ ಕೇಳಿಕೊಳ್ಳುತ್ತೇನೆ, ನನಗೋಸ್ಕರ ನಿಲ್ಲಬೇಡ. ಡಾಕ್ಟರು ಹೇಳಿದ ದಿನ ಹೋಗಿ ಮಲಗು. ಪಟ್ಟಿ ಬಿಚ್ಚಿದಾಗ ಯಾರ ಮುಖ ಕಂಡರೇನು, ಬೆಳಕು ಕಂಡರೆ ಸಾಕು. ನನ್ನ ಮುಖ ಎಲ್ಲಿಗೂ ಓಡಿಹೋಗುವುದಿಲ್ಲ, ಓಡಿಹೋಗುವಂತಿದ್ದರೆ ಈ ಕಾಗದವನ್ನೇಕೆ ಬರೆಯುತ್ತಿದ್ದೆ?

ಯಾರೋ ಬಾಗಿಲಲ್ಲಿ ಕಿತ್ತಳೆ ಹಣ್ಣಿನ ಚೀಲ ಇಟ್ಟು ಹೋಗಿದ್ದರು, ಮೇಲಿನ ಮನೆಯವರಿರಬೇಕು ಎಂದು ಸೊಸೆ ಬರೆದಿದ್ದಳು. ಯಾರೋ ಪುಣ್ಯವಂತರು. ಬೀಜ ತೆಗೆದು ತಿನ್ನು, ನಿನಗೆ ಕೆಮ್ಮು ಬರುತ್ತದೆ.

ಮೊಣಕಾಲಿಗೆ ಎಣ್ಣೆ ತಿಕ್ಕಿಸಿಕೋ. ಸೊಸೆ ಮೇಲೆ ರೇಗಬೇಡ, ಅವಳು ನಿನ್ನ ಕಣ್ಣು, ನಿನ್ನ ಕೈ, ಈಗ ನನ್ನ ಬಾಯಿಯೂ ಹೌದು. ಈ ಮರಿಗೆ ಬೆಳಕು ತೋರಿಸಿದ ದೇವರು ನಿನಗೂ ತೋರಿಸದೆ ಇರುವುದಿಲ್ಲ. ನಿನ್ನ ಮನೆ ತಣ್ಣಗಿರಲಿ, ಮಕ್ಕಳು ಮೊಮ್ಮಕ್ಕಳು ಸುಖವಾಗಿರಲಿ. ನನ್ನ ಪಾಲಿನ ಆಯಸ್ಸೂ ನಿನಗೇ ಸೇರಲಿ.

ಎಂದೆಂದಿಗೂ ನಿನ್ನ ಹಿಂದೆ ಹಿಂದೆ ಬರುವ,
ನಿನ್ನ ಬಾಲ

ಮರೆತ ಮಾತು: ಸೊಸೆ, ಇಲ್ಲಿಗೆ ಜೋರಾಗಿ ಓದುವುದನ್ನು ನಿಲ್ಲಿಸಮ್ಮ. “ಅಷ್ಟೇ ಅತ್ತೆ, ಮುಗೀತು” ಎಂದು ಹೇಳು. ಉಳಿದದ್ದನ್ನು ಅಡುಗೆಮನೆಗೆ ಹೋಗಿ ಮನಸ್ಸಿನಲ್ಲೇ ಓದಿಕೋ.

ಕಿತ್ತಳೆ ತಂದವಳು ನಾನು. ಆ ಭಾನುವಾರ ನಾನು ಹೊರಗೆ ಹೋಗಿದ್ದು ನಿಮ್ಮ ಮನೆಗೇ. ಅಕ್ಕನ ಎದುರಿಗೆ ಒಂದು ಗಳಿಗೆ ಕೂತು, ಪಟ್ಟಿ ಬಿಚ್ಚುವ ದಿನ ಬರಲಾಗದು ಎಂದು ನಾನೇ ಹೇಳಿ, ಒಪ್ಪಿಸಿ ಬರೋಣ ಎಂದು ಹೊರಟಿದ್ದೆ. ಸೋಪು ಹಾಕಿಕೊಳ್ಳುವಂತಿರಲಿಲ್ಲ, ಸಂಜೆ ಮತ್ತೆ ದೊರೆಸಾನಿಯ ಹತ್ತಿರ ಹೋಗಬೇಕಲ್ಲ. ಬಸ್ಸಿನಲ್ಲಿ ಪಕ್ಕ ಕೂತಿದ್ದ ಹೆಂಗಸು ಎದ್ದುಹೋಗಿ ನಿಂತುಕೊಂಡಳು. ಪರವಾಗಿಲ್ಲ, ಅವಳು ಯಾರೋ ಎಂದುಕೊಂಡೆ.

ನಿಮ್ಮ ಬಾಗಿಲು ತೆರೆದೇ ಇತ್ತು. ಅಕ್ಕ ಮಂಚದ ಮೇಲೆ ಕೂತು ಬಟಾಣಿ ಬಿಡಿಸುತ್ತಿದ್ದಳು. ಚಪ್ಪಲಿ ಬಿಟ್ಟು ಹೊಸ್ತಿಲ ಮೇಲೆ ಕಾಲಿಟ್ಟೆ. ಮೂಗಿನಿಂದಲೇ ಹಿಡಿಯುತ್ತಾಳೆ ಎಂದು ಬಾಯಿಮುಚ್ಚಿ ನಿಂತೆ, ಹುಡುಗಾಟ. ಅಕ್ಕ ತಲೆಯೆತ್ತಿದಳು. ಮೂಗು ಅರಳಿಸಿದಳು. ನನ್ನ ಕಡೆಗೇ ತಿರುಗಿದಳು.

“ಏ ಸೊಸೆ, ಬಾಗಿಲು ಹಾಕೋಕೇನು ಧಾಡಿ ನಿನಗೆ? ಯಾವ್ದೋ ನಾಯಿ ಒಳಗ್ ಬಂದಿದೆ ನೋಡು. ಹಚಾ! ಹಚಾ!”

ಒಂದು ಹಿಡಿ ಬಟಾಣಿ ಸಿಪ್ಪೆ ತೆಗೆದು ನನ್ನ ಮೇಲೆ ಎಸೆದಳು. ನಾನು ಅಕ್ಕಾ ಎನ್ನಬೇಕಿತ್ತು. ಒಂದೇ ಒಂದು ಮಾತು. ಮೈಮೇಲೆ ಬಿದ್ದ ಸಿಪ್ಪೆ ಕೊಡವಿಕೊಂಡೆ. ನೀನು ಹಿತ್ತಲಿನಿಂದ “ಬಂದೆ ಅತ್ತೆ” ಎಂದೆ. ನಾನು ಹಣ್ಣಿನ ಚೀಲವನ್ನು ಅಲ್ಲೇ ಇಟ್ಟು ಮೆಟ್ಟಿಲ ಕೆಳಗೆ ಇಳಿದು ನಿಂತೆ. “ಯಾವ ನಾಯೀನೂ ಇಲ್ವಲ್ಲ ಅತ್ತೆ” ಎಂದು ನೀನು ಹೇಳಿದ್ದೂ, “ಇತ್ತು ಕಣೇ. ನನ್ ಮೂಗು ಯಾವತ್ತಾದ್ರೂ ಸುಳ್ ಹೇಳಿದ್ಯಾ?” ಎಂದು ಅವಳು ಅಂದದ್ದೂ ಕೇಳಿಸಿತು. ತಿರುಗಿ ಬಸ್ಸು ಹತ್ತಿದೆ. ಬಂದು ನೋಡಿದರೆ ಗುಬ್ಬಿ ತಣ್ಣಗಾಗಿದ್ದಳು.

ಆವತ್ತಿನಿಂದ ಗೇಟಿನ ಕೀಲಿ ಯಜಮಾನಿಯ ಹತ್ತಿರ ಇದೆ ನಿಜ. ಆದರೆ ಕೊಡಿ ಎಂದು ನಾನೂ ಬಾಯಿಬಿಟ್ಟು ಕೇಳಿಲ್ಲ.

ಈ ಕಾಗದದ ಜೊತೆ ಒಂದು ಪೊಟ್ಟಣವಿದೆ. ಅದರಲ್ಲಿರುವುದು ಶಾಲಿನ ಉಳಿದ ಅರ್ಧ. ಮರಿಗಳ ಮೈಗೆ ತಾಗದ ಭಾಗ, ಅಕ್ಕ ಹೊಲಿದ ಅಂಚು ಅದರಲ್ಲೇ ಇದೆ. ಅಂಚನ್ನು ಒಳಮಡಿಕೆ ಮಾಡಿ ಹೊಲಿದುಬಿಟ್ಟಿದ್ದೇನೆ, ಬೆರಳಿಗೆ ಸಿಗುವುದಿಲ್ಲ. ಏನೂ ಹೇಳದೆ ಅವಳ ಮಡಿಲಲ್ಲಿ ಇಡು. ಯಾರದು ಎಂದು ಅವಳೇ ಹೇಳಿದರೆ ನನಗೆ ಒಂದು ಸಾಲು ಬರೆ, ಸಾಕು. ಕೀಲಿ ಕೊಡದಿದ್ದರೆ ಗೇಟು ಹತ್ತಿ ಇಳಿದಾದರೂ ಬಂದು ಅವಳ ಎದುರಿಗೆ ಕೂರುತ್ತೇನೆ. ಹೇಳದಿದ್ದರೆ ಏನೂ ಬರೆಯಬೇಡ. ಮರಿಗಳು ಇನ್ನೂ ಹಾಲು ಬಿಟ್ಟಿಲ್ಲವಂತೆ ಎಂದು ಹೇಳಿ ಹೇಗಾದರೂ ಆಸ್ಪತ್ರೆಗೆ ಕರೆದುಕೊಂಡು ಹೋಗು, ಎದುರಿಗೆ ನೀನೇ ಕೂರು.

ಟ್ರಂಕಿನಿಂದ ಆ ತುಂಡನ್ನು ತೆಗೆದ ಕೂಡಲೇ ದೊರೆಸಾನಿ ಪೆಟ್ಟಿಗೆಯಿಂದಲೇ ಕತ್ತೆತ್ತಿ ಬಾಲ ಬಡಿದಳು. ಅವಳಿಗೆ ಗೊತ್ತಾಯಿತು. ಪೊಟ್ಟಣ ಕಟ್ಟುವ ಮೊದಲು ನಾನೂ ಮುಖಕ್ಕೆ ಒತ್ತಿಕೊಂಡು ಮೂಸಿ ನೋಡಿದೆ. ನನಗೆ ಯಾವ ವಾಸನೆಯೂ ಬರಲಿಲ್ಲ. ಅಕ್ಕನಿಗೆ ಬರುತ್ತದೋ ಏನೋ, ನೋಡು.